ಕ್ಲೈವನ ಕಾಲು ಹೇಳಿದಂತೆ

ಅರವತ್ತಮೂರನೆಯ ಇಸವಿಯ ಸೆಪ್ಟೆಂಬರಿನಲ್ಲಿ ಕ್ಲೈವ್ ಪಾರ್ಸ್ಲೋ ಒಂದು ಭೀಷ್ಮ ಪ್ರತಿಜ್ಞೆ ಮಾಡಿದ. ನವೆಂಬರಿನ ನದಿಹಬ್ಬದ ದಿನ ತಾನು ಹಾರುವುದು ಖಂಡಿತ. ಗಾಳಿಪಟಕ್ಕೆ ಜೋತುಬಿದ್ದ ಮೂಟೆಯ ಹಾಗಲ್ಲ, ಹದ್ದಿನ ಹಾಗೆ! ಎಳೆಯುವ ದೋಣಿಯ ಹಗ್ಗ ಬಿಟ್ಟಮೇಲೂ ತೇಲಿಕೊಂಡು ಬಂದು, ನೀರಾಟದ ಕ್ಲಬ್ಬಿನ ಕಟ್ಟೆಯೆದುರು ಇಳಿದು, "ಒಂದು ಕಪ್ ಚಹಾ ಕೊಡಿ" ಎನ್ನುವುದೂ ಖಂಡಿತ. ಈ ಘನಘೋರ ಪ್ರತಿಜ್ಞೆಗೆ ಇದ್ದ ಸಾಕ್ಷಿ ಹೆಂಡತಿ ನೋಲಾ ಒಬ್ಬಳೇ. ಅವಳಾಗ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಚಹಾ ಮನೇಲೂ ಸಿಗುತ್ತೆ," ಎಂದಳು. "ಅಷ್ಟಕ್ಕೆ ಹಾರೋದು ಬೇಡ."

ನ್ಯೂ ಸೌತ್ ವೇಲ್ಸಿನ ಆ ಊರಿಗೆ ಎದುರು ಅಗಲವಾದ ನದಿ, ಬೆನ್ನಿಗೆ ಬಾಳೆತೋಟದ ಗುಡ್ಡ. ಭಾನುವಾರ ಬಂತೆಂದರೆ ಗಂಡಸರೆಲ್ಲ ಕಾಲಿಗೆ ಹಲಗೆ ಕಟ್ಟಿಕೊಂಡು ದೋಣಿಯ ಹಿಂದೆ ನೀರಿನ ಮೇಲೆ ಜಾರುತ್ತಿದ್ದರು. ಧೈರ್ಯ ಹೆಚ್ಚಾದವರು ಚಪ್ಪಟೆ ಗಾಳಿಪಟಕ್ಕೆ ನೇತುಬಿದ್ದು ಮೇಲೇರುತ್ತಿದ್ದರು. ದೋಣಿ ಒಂದಿಷ್ಟು ನಿಧಾನವಾದರೆ ಸಾಕು, ಆ ಗಾಳಿಪಟ ಕಾವಲಿಯ ಮೇಲೆ ರೊಟ್ಟಿ ಮಗುಚಿದ ಹಾಗೆ ನೀರಿಗೆ ಬೀಳುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ರೆಜ್ ಹ್ಯಾಲೊರನ್ ಹೋದ ವರ್ಷ ಹಾಗೆ ಬಿದ್ದು ಎರಡು ಪಕ್ಕೆಲುಬು ಮುರಿದುಕೊಂಡಿದ್ದ. ಈಗಲೂ ನಗು ಬಂದರೆ ಪಕ್ಕೆ ಹಿಡಿದುಕೊಂಡೇ ನಗುತ್ತಿದ್ದ.

ಕ್ಲೈವ್ ಅಂಚೆ ಕಚೇರಿಯಲ್ಲಿ ತಂತಿ ಕಳಿಸುವವನು. ಯಾವುದೋ ಪತ್ರಿಕೆಯಲ್ಲಿ ತ್ರಿಕೋನಾಕಾರದ ಮೆತ್ತನೆಯ ರೆಕ್ಕೆಯೊಂದರ ಚಿತ್ರ ಕಂಡಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಥದ್ದನ್ನು ತಾನೇ ಮಾಡಲು ಹೊರಟ. ಅಡುಗೆಮನೆಯ ಪರದೆ ಕೋಲುಗಳು ಮಾಯವಾದವು. ಊಟದ ಮೇಜು ಹೊರಗೆ ಹೋಯಿತು, ಅದರ ಜಾಗದಲ್ಲಿ ರೆಕ್ಕೆ ಮಲಗಿತು. ಹೊದಿಕೆಗೆ ಮಾತ್ರ ಮಾವನ ಹತ್ತಿರ ಹೋಗಬೇಕಾಯಿತು. ಮಾವ ಆಲ್ಫ್ ಬಾಳೆ ಬೆಳೆಯುವವನು. ಗೊನೆಗಳಿಗೆ ಹೊದಿಸುವ ನೀಲಿ ಪ್ಲಾಸ್ಟಿಕ್ಕಿನ ಸುರುಳಿ ಅವನ ಕೊಟ್ಟಿಗೆಯಲ್ಲಿತ್ತು.

"ಇದು ಗೊನೆಗೆ ಹಾಕೋದು ಕಣಯ್ಯ," ಎಂದ ಆಲ್ಫ್.

"ಗೊತ್ತು ಮಾವ. ಗೊನೆ ನೇತಾಡುತ್ತೆ, ನಾನೂ ನೇತಾಡ್ತೀನಿ. ವ್ಯತ್ಯಾಸ ಏನು ಬಂತು?"

"ಗೊನೆ ಒಂದಲ್ಲ ಒಂದಿನ ಮಾಗುತ್ತೆ."

ಪ್ಲಾಸ್ಟಿಕ್ ಹೊಲಿಯಲು ಹೋಗಿ ನೋಲಾಳ ಹೊಲಿಗೆ ಯಂತ್ರದ ಮೂರು ಸೂಜಿ ಮುರಿದವು. ಕಡೆಗೆ ಅಂಟುಪಟ್ಟಿಯೇ ಗತಿಯಾಯಿತು. ಎರಡು ತಿಂಗಳು ಗಂಡ ಹೆಂಡತಿ ಜಗಲಿಯ ಮೆಟ್ಟಿಲ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು. ಪ್ರತಿ ಊಟಕ್ಕೂ ಕ್ಲೈವನ ಪ್ರವಚನ ತಪ್ಪಿದ್ದಲ್ಲ. ಫೋರ್ಕಿಗೆ ಆಲೂಗಡ್ಡೆ ಸಿಕ್ಕಿಸಿ, ಗಾಳಿಯಲ್ಲಿ ತೇಲಿಸಿ ತೋರಿಸುತ್ತಿದ್ದ.

"ಹಗ್ಗ ಸಡಿಲಾದ್ರೂ ಇದು ಬೀಳೋದಿಲ್ಲ ಕಣೇ ನೋಲಾ. ತೇಲುತ್ತೆ. ನೋಡು, ಹೀಗೆ."

"ಆ ಆಲೂಗಡ್ಡೆ ತಿಂದುಬಿಡು, ಆರಿ ಹೋಗುತ್ತೆ."

ರೆಕ್ಕೆಯೇನೋ ಸಿದ್ಧವಾಯಿತು. ದೋಣಿ ಓಡಿಸುವವರು ಯಾರು? ಕ್ಲಬ್ಬಿನಲ್ಲಿ ಒಬ್ಬನೂ ಮುಂದೆ ಬರಲಿಲ್ಲ. "ಆಮೇಲೆ ನೋಲಾಗೆ ನಾನು ಮುಖ ತೋರಿಸೋದು ಹ್ಯಾಗೆ ಮಾರಾಯ?" ಎಂದು ರೆಜ್ ಕೈ ಚೆಲ್ಲಿದ. ಕೊನೆಗೆ ಒಪ್ಪಿದವಳು ನೋಲಾಳೇ. ಅವಳು ಕ್ಲಬ್ಬಿನ ಎಲ್ಲ ಗಂಡಸರಿಗಿಂತ ಚೆನ್ನಾಗಿ ದೋಣಿ ಓಡಿಸುತ್ತಿದ್ದಳು, ಅದನ್ನು ಕ್ಲೈವ್ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

"ಒಂದೇ ಸಲ," ಎಂದಳು. "ನೀನು ಬಿದ್ದರೆ ಪ್ಲಾಸ್ಟಿಕ್ ಅಪ್ಪನ ಗೊನೆಗೆ ವಾಪಸು, ಮೇಜು ಊಟದ ಮನೆಗೆ ವಾಪಸು, ನೀನು ನನಗೆ ವಾಪಸು. ಆಮೇಲೆ ಹಾರೋ ಸುದ್ದಿ ಎತ್ತಬಾರದು."

ನಗುತ್ತಲೇ ಹೇಳಿದಳು, ಆದರೆ ಸಿಪ್ಪೆ ತೆಗೆಯುವ ಚಾಕು ಅವಳ ಕೈಯಲ್ಲಿ ನಿಂತೇಹೋಗಿತ್ತು. ಅದು ಕ್ಲೈವನಿಗೂ ಕಂಡಿತು.

ಇನ್ನೊಂದು ತೊಡಕು ಉಳಿಯಿತು. ನೀರಿನ ಮೇಲೆ ಜಾರುವವರು ದೋಣಿಯವರ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಾರೆ: ಹೆಬ್ಬೆರಳು ಮೇಲಾದರೆ ಜೋರು, ಕೆಳಗಾದರೆ ನಿಧಾನ, ತಲೆ ತಟ್ಟಿಕೊಂಡರೆ ಮನೆಗೆ. ರೆಕ್ಕೆಯಲ್ಲಿ ನೇತಾಡುವವನ ಎರಡು ಕೈಯೂ ಕಂಬಿಯ ಮೇಲೆ! ತಂತಿಯವನ ಬುದ್ಧಿಗೆ ಇದೊಂದು ಲೆಕ್ಕವೇ? ಕಾಲಿನ ಭಾಷೆಯೊಂದನ್ನು ಅವನು ಒಂದೇ ಸಂಜೆಯಲ್ಲಿ ಸೃಷ್ಟಿಸಿಬಿಟ್ಟ. ಬಲಗಾಲು ಎತ್ತಿದರೆ ಜೋರು. ಎಡಗಾಲು ಎತ್ತಿದರೆ ನಿಧಾನ. ಎರಡೂ ಮಡಚಿದರೆ ನಿಲ್ಲಿಸು.

ಅಭ್ಯಾಸ ನಡೆದದ್ದು ಹಿತ್ತಲಿನಲ್ಲಿ, ನಾಲ್ಕು ತೋಳು ಚಾಚಿ ಗಿರಗಿರನೆ ತಿರುಗುವ ಬಟ್ಟೆ ಒಣಗಿಸುವ ಕಂಬಕ್ಕೆ ಉಯ್ಯಾಲೆ ಕಟ್ಟಿಕೊಂಡು. ಗಾಳಿ ಬೀಸಿತು, ಕಂಬ ತಿರುಗಿತು, ನೋಲಾಳ ಒದ್ದೆ ದುಪ್ಪಟಿಗಳ ನಡುವೆ ಕ್ಲೈವ್ ಮೂರು ಪ್ರದಕ್ಷಿಣೆ ಬಂದ. ನಾಲ್ಕನೆಯದಕ್ಕೆ ಕಂಬದ ಒಂದು ತೋಳು ಬಾಗಿ, ಅವನು ದುಪ್ಪಟಿಗಳ ಸಮೇತ ಹುಲ್ಲಿನ ಮೇಲೆ ಕೂತ.

"ಬಲಗಾಲು ಎತ್ತಿದ್ದೆಯಲ್ಲ," ಎಂದಳು ನೋಲಾ. "ಜೋರು ಬೇಕಿತ್ತಾ?"

"ಅದು ಅಭ್ಯಾಸ. ನೀನು ಮಾತ್ರ ನಿನ್ನ ಬುದ್ಧಿ ಓಡಿಸಬೇಡ. ಕಾಲು ಏನು ಹೇಳುತ್ತೋ ಅಷ್ಟು ಮಾಡು."

"ಹಾಗೇ ಆಗಲಪ್ಪ."

ಹಬ್ಬದ ದಿನ ಊರಿಗೆ ಊರೇ ದಂಡೆಯಲ್ಲಿತ್ತು. ನೋಲಾ ಹೂವಿನ ಫ್ರಾಕು ತೊಟ್ಟು ದೋಣಿ ಹಿಡಿದಳು. ಪಕ್ಕದಲ್ಲಿ ಆಲ್ಫ್ ಹಿಂದಕ್ಕೆ ಮುಖ ಮಾಡಿ ಕೂತ. ಅಳಿಯನ ಕಾಲು ಓದಿ ಹೇಳುವುದು ಅವನ ಕೆಲಸ. ದೋಣಿ ಹೊರಟಿತು, ಕ್ಲೈವನ ಹಲಗೆಗಳು ನೀರನ್ನು ಸೀಳಿದವು, ನೀಲಿ ರೆಕ್ಕೆ ಉಬ್ಬಿತು. ಅವನು ಮೇಲೇರಿದ. ಹತ್ತಡಿ. ಮೂವತ್ತಡಿ. ಅರವತ್ತಡಿ. ಅಲ್ಲಿಗೆ ಅವನು ಒಂದು ತಪ್ಪು ಮಾಡಿದ. ಕೆಳಗೆ ನೋಡಿದ.

ಬಲಗಾಲು ನಡುಗತೊಡಗಿತು. ಹಲಗೆ ಕಟ್ಟಿದ ಕಾಲು ನಡುಗಿದರೆ ಮರೆಮಾಚುವುದು ಸುಲಭವಲ್ಲ. ದೋಣಿಯಲ್ಲಿ ಆಡಿದ ಮಾತು ಅವನಿಗೆ ಆಮೇಲೆ ತಿಳಿಯಿತು.

"ಬಲಗಾಲು ಎತ್ತಿದಾನೆ. ಜೋರು ಬೇಕಂತೆ," ಎಂದ ಆಲ್ಫ್.

"ಇಷ್ಟು ಸಾಲದಂತಾ?"

"ಮತ್ತೆ ಎತ್ತಿದ. ಮತ್ತೆ. ಒಂದೇ ಸಮ ಎತ್ತುತ್ತಿದಾನಮ್ಮ. ಏನು ಆತುರವೋ."

ನೋಲಾ ಪತಿವ್ರತೆಯ ಹಾಗೆ ಕಾಲಿನ ಮಾತು ನಡೆಸಿದಳು. ವೇಗ ಏರಿದಷ್ಟು ರೆಕ್ಕೆ ಏರಿತು, ರೆಕ್ಕೆ ಏರಿದಷ್ಟು ಕಾಲು ನಡುಗಿತು, ಕಾಲು ನಡುಗಿದಷ್ಟು ವೇಗ ಏರಿತು. ಎಡಗಾಲು ಎತ್ತೋಣವೆಂದರೆ ಅದು ಹೆದರಿಕೆಗೆ ಮರದ ಕೊರಡಾಗಿತ್ತು. ಹಗ್ಗ ಬಿಡುವ ಹಿಡಿ ಬೆರಳಿಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು, ಆದರೆ ಬೆರಳು ಕಂಬಿ ಬಿಡಬೇಕಲ್ಲ! ಅವನು ಕೂಗಿದ. ಇಂಜಿನ್ನಿನ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಎದುರಿಗೆ ರೈಲು ಸೇತುವೆ ಬರುತ್ತಿತ್ತು. ದೋಣಿ ಅದರ ಕೆಳಗೆ ನುಸುಳುವುದು, ತಾನು ಮಾತ್ರ ಅದರ ಕಬ್ಬಿಣಕ್ಕೆ ಬಡಿಯುವುದು ಎಂದು ಅವನಿಗೆ ಹೊಳೆಯಿತು. ನೋಲಾ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಣ್ಣುವುದು ಕಣ್ಣಿಗೆ ಕಟ್ಟಿತು.

ಆಗ ನೋಲಾ ಒಂದು ಸಲ ಹಿಂತಿರುಗಿ ನೋಡಿದಳು. ದೋಣಿಯ ವೇಗ ಇಳಿಸಿಬಿಟ್ಟಳು.

"ಕಾಲು ಹಾಗೆ ಹೇಳ್ತಿಲ್ಲವಲ್ಲೇ," ಎಂದ ಆಲ್ಫ್.

"ಆ ಕಾಲಿಗಿಷ್ಟು ಬೆಂಕಿ ಹಾಕ."

ಹಗ್ಗ ಸಡಿಲಾಗಿ ನೀರಿಗೆ ತಾಗಿತು. ದಂಡೆಯಲ್ಲಿ ರೆಜ್ ತನ್ನ ಪಕ್ಕೆ ಹಿಡಿದುಕೊಂಡ. ಕ್ಲೈವ್ ಕಣ್ಣು ಮುಚ್ಚಿ ರೊಟ್ಟಿಯಾಗಲು ಸಿದ್ಧನಾದ. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಕಣ್ಣು ತೆರೆದ. ಇಂಜಿನ್ನಿನ ಸದ್ದು ಅಡಗಿತ್ತು. ಪ್ಲಾಸ್ಟಿಕ್ ಮೆಲ್ಲಗೆ ಪಟಪಟ ಎನ್ನುತ್ತಿತ್ತು, ದಂಡೆಯಲ್ಲಿ ಒಂದು ಮಗು ಅಳುವುದೂ ಸ್ಪಷ್ಟವಾಗಿ ಕೇಳಿತು. ರೆಕ್ಕೆ ತೇಲುತ್ತಿತ್ತು. ಅವನಿಗೆ ಅಳು ಬಂತು. ಅದು ಹೆದರಿಕೆಯ ಅಳುವಾಗಿರಲಿಲ್ಲ.

ಕ್ಲಬ್ಬಿನ ಕಟ್ಟೆಯೆದುರು ಹದ್ದಿನ ಹಾಗೆ ಇಳಿಯಬೇಕಾದವನು ಅಲ್ಲಿಂದ ನೂರು ಮಾರು ಆಚೆ, ಮೊಣಕಾಲುದ್ದದ ಕೆಸರಿನಲ್ಲಿ ಮೆತ್ತಗೆ ಕೂತ. ನೋಲಾ ದೋಣಿ ಬಿಟ್ಟು ಫ್ರಾಕಿನ ಸಮೇತ ಕೆಸರಿಗಿಳಿದು ಓಡಿಬಂದಳು. ಅವನ ಮುಖ, ಹೆಗಲು, ತೋಳು ಒಂದೊಂದನ್ನೇ ಮುಟ್ಟಿ ನೋಡಿದಳು. ಕ್ಲೈವನಲ್ಲಿ ಇನ್ನೂ ಒಂದು ಚೂರು ಜಂಬ ಉಳಿದಿತ್ತು.

"ಕಾಲು ಜೋರು ಅಂತಿತ್ತು. ಯಾಕೆ ನಿಲ್ಲಿಸಿದೆ?"

"ಮುಖ ನೋಡಿದೆ. ಮದುವೆ ದಿನ ಪಾದ್ರಿ ಪ್ರಶ್ನೆ ಕೇಳಿದಾಗಲೂ ಹೀಗೇ ಇತ್ತು."

"ನಿಲ್ಲಿಸಿದ್ರೆ ನಾನು ಬೀಳ್ತೀನಿ ಅಂತ ಭಯ ಆಗಲಿಲ್ವಾ?"

"ಬೀಳೋದಿಲ್ಲ, ತೇಲುತ್ತೆ ಅಂತ ಎರಡು ತಿಂಗಳು ದಿನಾ ಹೇಳಿದ್ದೀಯ. ನಾನು ನಂಬಿದ್ದೆ." ಅವಳು ಅವನ ಮುಖವನ್ನೇ ನೋಡಿದಳು. "ನೀನು ನಂಬಿರಲಿಲ್ವಾ?"

ಕ್ಲೈವ್ ಬಗ್ಗಿ ಕಾಲಿನ ಹಲಗೆಗೆ ಮೆತ್ತಿದ ಕೆಸರು ಕೆರೆಯತೊಡಗಿದ. ಅಷ್ಟರಲ್ಲಿ ರೆಜ್ ಏದುಸಿರು ಬಿಡುತ್ತ ಬಂದ. "ಬಿದ್ದನಾ, ಇಳಿದನಾ?" ಎಂದು ಕೇಳಿದ. ರೆಕ್ಕೆಯ ಹಣೆಬರಹವೆಲ್ಲ ಆ ಪ್ರಶ್ನೆಯಲ್ಲಿತ್ತು. ಎಲ್ಲರೂ ನೋಲಾಳ ಹಿಂದೆಯೇ ದೋಣಿಯಿಂದ ಇಳಿದು ಬಂದಿದ್ದ ಆಲ್ಫ್‌ನ ಕಡೆ ನೋಡಿದರು. ಮುದುಕ ಹರಿಯದೆ ಉಳಿದ ತನ್ನ ಪ್ಲಾಸ್ಟಿಕ್ಕನ್ನು ಸವರಿ ನೋಡಿದ, ಅಳಿಯನನ್ನು ನೋಡಿದ.

"ಬೀಳಲಿಲ್ಲ," ಎಂದ. "ಮಾಗಿತು, ಇಳಿಯಿತು."

ಕ್ಲಬ್ಬಿನಲ್ಲಿ ಕೊನೆಗೂ ಚಹಾ ಬಂತು. ಪ್ರತಿಜ್ಞೆಯ ಪೈಕಿ ನೆರವೇರಿದ್ದು ಅದೊಂದೇ ಎಂದು ರೆಜ್ ನಕ್ಕು ಪಕ್ಕೆ ಹಿಡಿದುಕೊಂಡ. ಕ್ಲೈವ್ ಗಂಭೀರವಾಗಿ ಕಪ್ ಎತ್ತಲು ಹೋದ, ಆದರೆ ಮೇಜಿನ ಮೇಲಿನ ಕಪ್-ಬಸಿಗಳೆಲ್ಲ ಕಟಕಟ ಕುಣಿಯುತ್ತಿದ್ದವು. ಎಲ್ಲರೂ ಮೇಜಿನ ಕೆಳಗೆ ಬಗ್ಗಿ ನೋಡಿದರು. ಬಲಗಾಲು ಇನ್ನೂ ಜೋರು ಜೋರು ಎನ್ನುತ್ತಿತ್ತು.

ನೋಲಾ ಅವನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟು, ಅವನೊಬ್ಬನಿಗೇ ಕೇಳುವಂತೆ ಹೇಳಿದಳು:

"ಸಾಕು ಕಣೋ, ದೋಣಿ ದಡಕ್ಕೆ ಕಟ್ಟಿದ್ದಾಯ್ತು."