ಅತ್ತೆ ಮತ್ತು ರಸ್ತೆ

ನಮ್ಮ ಮನೆಯಲ್ಲಿ ಹದಿನೇಳು ಬಾಚಣಿಗೆಗಳಿವೆ. ಇದಕ್ಕೆ ಕಾರಣ ನಮ್ಮ ಸೋದರತ್ತೆ! ನನ್ನ ತಲೆಯಲ್ಲಿ ಉಳಿದಿರುವ ಕೂದಲಿಗೆ ಒಂದು ಬಾಚಣಿಗೆಯೇ ಹೆಚ್ಚು. ಆದರೆ ಬೀದಿಯಲ್ಲಿ ಎದುರಿಗೆ ಅತ್ತೆ ಬರುವುದು ಕಂಡರೆ ಸಾಕು, ನಾನು ಪಕ್ಕದ ಫ್ಯಾನ್ಸಿ ಸ್ಟೋರಿಗೆ ನುಗ್ಗಿಬಿಡುತ್ತೇನೆ. ನುಗ್ಗಿದ ಮೇಲೆ ಏನಾದರೂ ಕೊಳ್ಳಬೇಕಲ್ಲ? ಅಂಗಡಿಯವನಿಗೂ ಅಭ್ಯಾಸವಾಗಿದೆ. ನನ್ನನ್ನು ನೋಡಿದೊಡನೆ ಬಾಚಣಿಗೆ ಕೈಗಿಟ್ಟು, "ಇನ್ನೆರಡು ನಿಮಿಷ ಇರಿ ಸಾರ್, ಅಮ್ಮ ಇನ್ನೂ ಆ ಕಾರಿನ ಹತ್ರಾನೇ ಇದಾರೆ" ಎನ್ನುತ್ತಾನೆ.

ಹಾಗೆಂದು ಅತ್ತೆ ಜಗಳಗಂಟಿಯೇ? ಅಯ್ಯೋ, ಖಂಡಿತ ಇಲ್ಲ! ಅವರು ನಮ್ಮಪ್ಪನ ತಂಗಿ. ಎಪ್ಪತ್ತು ದಾಟಿದೆ. ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿ, ನಮ್ಮ ರಾಗಿ ಹೊಲ ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಮನೆಗಳ ಮೇಲೆ ಕಾಲೇಜು ಹುಡುಗರ ಬಾಡಿಗೆ ರೂಮುಗಳು ಎದ್ದದ್ದನ್ನು ಇದ್ದಲ್ಲಿಯೇ ಇದ್ದು ನೋಡಿದವರು. ಈಗ ಮಗಳ ಜೊತೆ ನಮ್ಮ ಮನೆಯಿಂದ ನಾಲ್ಕನೇ ಮನೆಯಲ್ಲಿದ್ದಾರೆ. ಅವರಿಗಿರುವುದು ಒಂದೇ ಹಟ: ನಡೆದರೆ ಫುಟ್‌ಪಾತಿನ ಮೇಲೆಯೇ ನಡೆಯಬೇಕು.

ಬೆಂಗಳೂರಿನಲ್ಲಿ! ಫುಟ್‌ಪಾತಿನ ಮೇಲೆ!

ಅಲ್ಲಿ ಬೈಕೋ ಕಾರೋ ನಿಂತಿದ್ದರೆ ನಾವು ನೀವು ರಸ್ತೆಗಿಳಿದು ಬಳಸಿಕೊಂಡು ಹೋಗುತ್ತೇವೆ. ಅತ್ತೆ ಇಳಿಯುವುದಿಲ್ಲ. ಗಾಡಿಯ ಮುಂದೆಯೇ ನಿಲ್ಲುತ್ತಾರೆ. ಅದರ ಯಜಮಾನ ಬರುವವರೆಗೂ ನಿಲ್ಲುತ್ತಾರೆ. ಬಂದವನಿಗೆ ಬಯ್ಯುವುದೂ ಇಲ್ಲ. "ಬಂದ್ಯೇನಪ್ಪಾ? ಒಂಚೂರು ತೆಗಿ, ನಾನು ಓಗ್ಬೇಕು" ಎನ್ನುತ್ತಾರೆ, ಅಷ್ಟೇ. ಒಮ್ಮೆ ಹೀಗೆ ಒಂದು ಕಾರಿನ ಮುಂದೆ ಒಂದೂವರೆ ಗಂಟೆ ನಿಂತರು. ಅವರ ಹಿಂದೆ ನಾಲ್ಕು ಜನ ಸೇರಿಕೊಂಡರು. ಐದನೆಯವನು ಬಂದು, "ಯಾವ ಬಸ್ಸಿಗೆ ಕ್ಯೂ ಇದು?" ಎಂದು ಕೇಳಿದ!

ಯಜಮಾನ ಬರಲೇ ಇಲ್ಲ ಎಂದರೆ ಚೀಟಿ. ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆಯ ಮೇಲೆ ದುಂಡನೆಯ ಅಕ್ಷರದಲ್ಲಿ ಬರೆದು, ಅನ್ನದ ಅಗುಳು ಸವರಿ, ಕಾರಿನ ಮುಂದಿನ ಗಾಜಿಗೆ ಅಂಟಿಸಿಬಿಡುತ್ತಾರೆ. ಅತ್ತೆಯ ಮನೆಯ ಸೋನಾ ಮಸೂರಿ ಒಣಗಿದ ಮೇಲೆ ಸಿಮೆಂಟಿಗೆ ಸಮ. ಬ್ಲೇಡಿನಿಂದ ಕೆರೆದರೂ ಒಂದೆರಡು ಅಕ್ಷರ ಉಳಿದೇ ಉಳಿಯುತ್ತವೆ.

ನನ್ನ ಮಗಳನ್ನು ನೋಡಲು ಯಲಹಂಕದಿಂದ ಗಂಡಿನ ಕಡೆಯವರು ಬಂದ ದಿನ ನಾನು ಅತ್ತೆಯನ್ನು ಬೆಳಗಿನಿಂದಲೇ ನಮ್ಮ ಅಡುಗೆಮನೆಯಲ್ಲಿ ಕೂರಿಸಿ, ಕೇಸರಿಬಾತಿನ ಉಸ್ತುವಾರಿ ವಹಿಸಿದ್ದೆ. ಇನ್ನೇನು ಭಯ? ಆದರೆ ಕೊತ್ತಂಬರಿ ಸೊಪ್ಪು ತರುತ್ತೇನೆಂದು ಅವರು ಐದು ನಿಮಿಷ ಹೊರಗೆ ಹೋಗಿ ಬಂದದ್ದು ನನಗೆ ಗೊತ್ತಾಗಲಿಲ್ಲ. ಕೇಸರಿಬಾತಿಗೆ ಯಾರಾದರೂ ಕೊತ್ತಂಬರಿ ಸೊಪ್ಪು ಹಾಕುತ್ತಾರೆಯೇ!

ಕಾರಿನಲ್ಲಿ ಮರೆತ ಫೋನ್ ತರಲು ಹೋದ ಹುಡುಗನ ತಂದೆ ಹೇಗೋ ಬಿಡಿಸಿದ ಚೀಟಿಯ ಜೊತೆ ಒಳಗೆ ಬಂದರು. ಕನ್ನಡಕ ಹಾಕಿಕೊಂಡು ಎಲ್ಲರೆದುರು ಓದಿದರು. "ನಿಮ್ಮ ಮನೆಯ ನಡುಮನೆಯಲ್ಲಿ ನಾನು ಚಾಪೆ ಹಾಸಿ ಮಲಗಿದರೆ ಸುಮ್ಮನಿರುತ್ತೀರಾ? ಇಂತಿ, ನಡೆಯುವವಳು."

"ಯಾರ್ರೀ ಇದು?" ಎಂದರು.

"ಗೊತ್ತಿಲ್ಲ ಸಾರ್. ಈ ಏರಿಯಾದಲ್ಲಿ ಯಾರೋ ಒಬ್ರು ತಲೆ ಕೆಟ್ಟೋರಿದಾರೆ" ಎಂದೆ.

ಹೇಳಿ ತಿರುಗಿದರೆ ಅತ್ತೆ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಮುಖದ ಒಂದು ಗೆರೆಯನ್ನೂ ಬದಲಿಸದೆ ಎಲ್ಲರಿಗೂ ಕಾಫಿ ಕೊಟ್ಟು, ಚೀಟಿಯನ್ನು ಇಣುಕಿ ನೋಡಿ, "ಯಾರೋ ಕಾಣೆ. ಅಕ್ಸರ ಮಾತ್ರ ಚೆನ್ನಾಗವೆ" ಎಂದು ಒಳಗೆ ಹೋದರು.

ಸಂಬಂಧ ಕುದುರಿತು. ನಾನಾಡಿದ ಆ ಮಾತನ್ನು ಮಾತ್ರ ಅತ್ತೆ ಇಂದಿಗೂ ಎತ್ತಿಲ್ಲ, ನಾನು ಮರೆತಿಲ್ಲ.

ಅತ್ತೆಯ ನಿಜವಾದ ರಂಗಸ್ಥಳವೆಂದರೆ ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಸಭೆ. ಅಂಥದ್ದೊಂದು ಸಭೆ ನಡೆಯುತ್ತದೆಂದು ನಮ್ಮ ಬೀದಿಗೆ ಗೊತ್ತಾದದ್ದೇ ಅತ್ತೆಯಿಂದ. ಮೊದಲ ಸಲ ಹೋದಾಗ ಅಲ್ಲಿನ ಇಂಜಿನಿಯರು, "ಯಾವ ಸಂಘದ ಪರವಾಗಿ ಬಂದಿದೀರಮ್ಮಾ?" ಎಂದು ಕೇಳಿದರಂತೆ. "ಕಾಲಿನ ಪರವಾಗಿ" ಎಂದರಂತೆ ಅತ್ತೆ!

ಇನ್ನೊಮ್ಮೆ, ನಮ್ಮ ಬೀದಿಯ ಮೂಲೆಯಲ್ಲಿ ಏಳಲಿದ್ದ ಅಪಾರ್ಟ್‌ಮೆಂಟಿನ ಬಣ್ಣದ ಚಿತ್ರವನ್ನು ಬಿಲ್ಡರೊಬ್ಬ ಸಭೆಗೆ ತಂದು ತೋರಿಸಿದ. ಚಿತ್ರದಲ್ಲಿ ಹಸಿರು ಮರಗಳು, ಅಗಲವಾದ ಫುಟ್‌ಪಾತು, ಮಗುವಿನ ತಳ್ಳುಗಾಡಿ ತಳ್ಳಿಕೊಂಡು ನಗುತ್ತಾ ಬರುವ ಒಬ್ಬ ತಾಯಿ. ಎಲ್ಲರೂ ತಲೆದೂಗಿದರು. ಅತ್ತೆ ಹತ್ತಿರ ಹೋಗಿ ನೋಡಿ, "ಈ ಯಮ್ಮ ಯಾವ ಕಡೆಯಿಂದ ಬಂದ್ಲು? ನಮ್ ಬೀದೀಲಿ ಬಂದಿದ್ರೆ ಮಗೂನೂ ಗಾಡೀನೂ ತಲೆ ಮೇಲೆ ಒತ್ಕೊಂಡು ಬರ್ಬೇಕಿತ್ತಲ್ಲಪ್ಪಾ!" ಎಂದರು. ಸಭೆಗೆ ಸಭೆಯೇ ನಕ್ಕಿತು. ಮರುದಿನ ನಾನು ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂತಿದ್ದಾಗ, ಆ ಸಭೆಗೆ ಬಂದಿದ್ದ ಗ್ರಾಹಕರೊಬ್ಬರು, "ಆ ಅಜ್ಜಿ ನಿಮ್ಗೆ ಏನಾಗ್ಬೇಕು?" ಎಂದು ಕೇಳಿದರು. "ದೂರದ ಸಂಬಂಧ" ಎಂದೆ. ನಾಲ್ಕು ಮನೆ ದೂರ!

ಇಷ್ಟು ಹೊತ್ತು ಅತ್ತೆಯ ಕಥೆ ಹೇಳಿ ನಿಮ್ಮನ್ನು ನಗಿಸಿದೆ. ಈಗ ನನ್ನದನ್ನೂ ಹೇಳಬೇಕು.

ನಮ್ಮ ಹಳೆಯ ಮನೆ ಕೆಡವಿ ನಾಲ್ಕು ಅಂತಸ್ತು ಕಟ್ಟಿಸಿದಾಗ ಪಾಲಿಕೆಗೆ ಕೊಟ್ಟ ಪ್ಲಾನಿನಲ್ಲಿ ನೆಲಮಹಡಿ ಪೂರ್ತಿ ಪಾರ್ಕಿಂಗು ಎಂದಿತ್ತು. ಕಟ್ಟಿದ ಮೇಲೆ ಗೋಡೆ ಎಬ್ಬಿಸಿ, ಶಟರು ಇಳಿಸಿ, ಮೂರು ಅಂಗಡಿ ಮಾಡಿ ಬಾಡಿಗೆಗೆ ಕೊಟ್ಟೆ. ಹಾಗಾದರೆ ಮೇಲಿನ ರೂಮುಗಳಲ್ಲಿರುವ ಹುಡುಗರ ಬೈಕುಗಳು ಎಲ್ಲಿ? ಇನ್ನೆಲ್ಲಿ! ಫುಟ್‌ಪಾತಿನ ಮೇಲೆ. ನಮ್ಮ ಮನೆಯ ಮುಂದೆ ಅತ್ತೆ ಅದೆಷ್ಟು ದಿನ ನಿಂತರೋ. ಆದರೆ ನನಗೆ ಒಂದು ಚೀಟಿಯೂ ಬರಲಿಲ್ಲ, ಒಂದು ಮಾತೂ ಬರಲಿಲ್ಲ. ಎಲ್ಲರ ಮನೆಯಲ್ಲೂ ಅದೇ ಕಥೆ ಎಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಅಷ್ಟರಲ್ಲಿ ಎದುರು ಮನೆಯವರು ಒಂದು ಅರ್ಜಿ ತಂದರು. ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಾಲದು, ಆದ್ದರಿಂದ ಎರಡೂ ಕಡೆಯ ಫುಟ್‌ಪಾತು ಕಿತ್ತು ಪಾರ್ಕಿಂಗ್ ಮಾಡಿಕೊಡಬೇಕು, ಎಂದು. "ಎಲ್ರೂ ಹಾಕಿದಾರೆ, ನೀವೂ ಒಂದು ಸೈನ್ ಹಾಕ್ಬಿಡಿ" ಎಂದರು. ಹಾಕಿದೆ. ಹಾಕುವಾಗ ಅತ್ತೆ ನೆನಪಾಗಲಿಲ್ಲವೇ? ನೆನಪಾದರು. ಅದಕ್ಕೇ ಬೇಗ ಹಾಕಿದೆ.

ಆ ಅರ್ಜಿ ಚರ್ಚೆಗೆ ಬಂದ ಸಭೆಗೆ ನಾನೂ ಹೋದೆ. ಪಾಸಾಗುತ್ತದೋ ಇಲ್ಲವೋ ನೋಡುವ ಆತುರ. ಕೊನೆಯ ಸಾಲಿನಲ್ಲಿ ಕಂಬದ ಮರೆಯ ಕುರ್ಚಿ ಹುಡುಕಿ ಕೂತೆ. ಇಂಜಿನಿಯರು ಅರ್ಜಿ ಓದಿ, "ಯಾರಾದ್ರೂ ವಿರೋಧ ಇದೀರಾ?" ಎಂದರು. ಮುಂದಿನ ಸಾಲಿನಲ್ಲಿ ಅತ್ತೆ ಒಬ್ಬರೇ ಎದ್ದರು.

"ಪ್ಲಾನಲ್ಲಿ ತೋರ್ಸಿರೋ ಪಾರ್ಕಿಂಗ್ ಎಲ್ಲಾ ಬಿಡ್ಸಿ ಸಾರ್. ಬೀದಿ ಗಾಡಿ ಎಲ್ಲಾ ಅದ್ರೊಳ್ಗೇ ನಿಲ್ತವೆ. ಆಮೇಲೂ ಜಾಗ ಸಾಲ್ದೆ ಓದ್ರೆ ಫುಟ್‌ಪಾತ್ ಕೀಳಿ, ನಾನೇ ಆರೆ ತಂದ್ಕೊಡ್ತೀನಿ."

ಎದುರು ಮನೆಯವರು ತಟಕ್ಕನೆ ಎದ್ದರು. "ಅಜ್ಜೀ, ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ಮೊದ್ಲು ನಿಮ್ಮಣ್ಣನ ಮಗನ ಪಾರ್ಕಿಂಗ್ ಎಲ್ಲಿದೆ ತೋರಿಸಿ! ಅಲ್ಲಿ ಜ್ಯೂಸ್ ಮಾರ್ತಾವ್ರೆ!"

ಗೊಳ್ಳೆಂದು ನಗು. ಯಾರೋ ಶಿಳ್ಳೆ ಕೂಡ ಹಾಕಿದರು. ನಾನು ಏನು ಮಾಡಿದೆ? ಎದ್ದು ನಿಂತೆನೇ? ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದೆ. ಕಾಲಲ್ಲಿದ್ದದ್ದು ಚಪ್ಪಲಿ!

ಬಗ್ಗಿದ್ದಲ್ಲಿಯೇ ಅತ್ತೆಯ ದನಿ ಕೇಳಿಸಿತು. "ನಿಜ. ಅವ್ನೂ ಮುಚ್ಚವ್ನೆ. ತಪ್ಪು ಮಾಡವ್ನೆ. ಆದ್ರೆ ಅವ್ನು ಬಿಡಿಸ್ತಾನೆ. ನಮ್ಮಣ್ಣನ ಮಗ ಅವ್ನು, ನಂಗೊತ್ತು. ಬಿಡಿಸ್ದೆ ಓದ್ರೆ ಮುಂದಿನ ತಿಂಗ್ಳಿಂದ ನಾನು ಈ ಸಭೆಗೇ ಬರಾಕಿಲ್ಲ."

ನಗು ನಿಂತಿತು. ಇಂಜಿನಿಯರು ಪೆನ್ನು ತೆಗೆದು, ಮೊದಲು ಪ್ಲಾನುಗಳ ತಪಾಸಣೆ, ಫುಟ್‌ಪಾತಿನ ವಿಷಯ ಮುಂದಿನ ಸಭೆಗೆ ಎಂದು ಬರೆದುಕೊಂಡರು. ಸಭೆ ಮುಗಿಯುವ ಮೊದಲೇ ನಾನು ಹಿಂಬಾಗಿಲಿನಿಂದ ಜಾರಿಕೊಂಡೆ. ಅಂದು ಯಾವ ಅಂಗಡಿಗೂ ನುಗ್ಗಲಿಲ್ಲ. ಯಾವ ಅಂಗಡಿ ನನ್ನನ್ನು ಮರೆಮಾಡೀತು?

ಮಾರನೆಯ ದಿನವೇ ಅಂಗಡಿಯವರ ಹತ್ತಿರ ಮಾತಾಡಿದೆ. ಜ್ಯೂಸಿನವನು ಎರಡು ಬೀದಿ ಆಚೆ ಬೇರೆ ಜಾಗ ಹಿಡಿದ. ಉಳಿದಿಬ್ಬರು ಗೊಣಗಿಕೊಂಡೇ ಖಾಲಿ ಮಾಡಿದರು. "ಅತ್ತೆಗೆ ಹೆದರಿ ಬಾಡಿಗೆ ಬಿಟ್ಟೋರನ್ನ ಇವತ್ತೇ ನೋಡಿದ್ದು" ಎಂದಳು ನನ್ನ ಹೆಂಡತಿ. ಗೋಡೆ ಒಡೆಸಿ, ಬೈಕುಗಳನ್ನೆಲ್ಲ ಒಳಗೆ ಇಡಿಸಿದ ಸಂಜೆ ಅತ್ತೆಯ ಮನೆಗೆ ಹೋದೆ. ಅವರು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡೆ.

"ಅತ್ತೆ, ಆ ಅರ್ಜಿಗೆ ನಾನೂ ಸೈನ್ ಹಾಕಿದ್ದೆ."

"ನೋಡ್ದೆ ಕಣೋ. ಹದಿನಾಕನೇದು. ನಿಮ್ಮಪ್ಪನ ತರಾನೇ ಬರೀತೀಯ, ಕೊನೇಲಿ ಒಂದು ಬಾಲ."

"ಅವತ್ತು ಸಭೇಲೂ ಇದ್ದೆ. ಕಂಬದ ಹಿಂದೆ. ನೀವು ಒಬ್ರೇ ನಿಂತು ಅಷ್ಟು ಮಾತು ಕೇಳಿಸ್ಕೊಂಡ್ರಿ, ನಾನು ಏಳ್ಲಿಲ್ಲ."

ಅತ್ತೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಒಬ್ಳೇ ಅಂತ ಯಾರು ಅಂದಿದ್ದು? ಪ್ರತಿ ಸಲ ಅಲ್ಲಿ ಎದ್ ನಿಂತ್ರೆ ನಂಗೆ ಕಾಲು ನಡುಗ್ತವೆ ಕಣೋ. ಅಷ್ಟು ಜನ ಗಂಡಸ್ರು, ಓದಿದೋರು. ಅವತ್ತು ಒಳಗೆ ಬರ್ತಾ ನಿನ್ನ ನೋಡ್ದೆ. ಸದ್ಯ, ನಮ್ಮೋನೊಬ್ಬ ಬಂದವ್ನೆ ಅನ್ಕೊಂಡೆ. ಆ ಧೈರ್ಯದ ಮೇಲೇ ಅಷ್ಟು ಮಾತಾಡಿದ್ದು."

ಆ ಸಭೆಗೆ ನಾನು ನಿಜವಾಗಿ ಯಾತಕ್ಕೆ ಬಂದಿದ್ದೆನೆಂದು ಹೇಳಲು ಬಾಯಿ ತೆರೆದೆ. "ಯಾತಕ್ಕಾದ್ರೂ ಬಂದಿರು, ಬಿಡು" ಎಂದು ಅವರು ಮತ್ತೆ ಕಾಯಿಗೆ ಕೈ ಹಾಕಿದರು.

ಮುಂದಿನ ಸಭೆಗೆ ನಾನು ಬ್ಯಾಂಕಿನಿಂದ ಪರ್ಮಿಷನ್ ಹಾಕಿ ಹೋದೆ. ಇನ್ನೂ ಎರಡು ಮನೆಯವರು ಶಟರು ತೆಗೆಸಿದ್ದರು. ಫುಟ್‌ಪಾತು ಉಳಿಯಲಿ, ಗಾಡಿ ಒಂದೇ ಪಕ್ಕ ನಿಲ್ಲಲಿ ಎಂದು ಅಂದು ತೀರ್ಮಾನವಾಯಿತು. ಎದುರು ಮನೆಯವರು ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ಆ ದಿನ ನಾನು ಮುಂದಿನ ಸಾಲಿನಲ್ಲಿ, ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಮಾತಾಡಲು ಅತ್ತೆಯ ಹೆಸರು ಕರೆದಾಗ ಅವರು ಸೆರಗು ಸರಿಮಾಡಿಕೊಂಡರು. ತಮ್ಮ ಕೈಚೀಲವನ್ನು ನನ್ನ ತೊಡೆಯ ಮೇಲಿಟ್ಟು, ನನ್ನ ಭುಜಕ್ಕೆ ಕೈ ಊರಿ, ಎದ್ದು ನಿಂತರು.