ಬಟ್ಟೆ ಹಗ್ಗದ ಮೇಲಿನ ಇಂಗ್ಲಿಷು

ನಮ್ಮ ಬಾಲಾನಗರದ ಓಣಿಯಲ್ಲಿ ಏನೂ ನಡೆಯದ ದಿನ ಅಂತ ಇಲ್ಲ. ಇದ್ದರೆ ಅವತ್ತು ನಾನು ಊರಲ್ಲಿ ಇರಲಿಲ್ಲ ಅಂತ ತಿಳಿಯಿರಿ. ಆದರೆ ಎಲ್ಲರಿಗೂ ಕಂಪ್ಯೂಟರಿನ ಹುಚ್ಚು ಹತ್ತಿದ್ದ ಆ ವರ್ಷಗಳಲ್ಲಿ, ಬರೀ ಇಂಗ್ಲಿಷ್ ಶಬ್ದಗಳು ಎಬ್ಬಿಸಿದ ರಗಳೆ ನೋಡಿ ನಾನೇ ಬೆರಗಾದೆ.

ನಾಲ್ಕು ಗಂಡಸರು

ಮಹಡಿ ಮೇಲಿನ ಮನೆಯವರು ನಮ್ಮ ರಾಯಚೂರು ಕಡೆಯವರು. ಮಗಳಿಗೆ ಪರದೇಶದಲ್ಲಿ ಓದುವ ಆಸೆ, ಅದಕ್ಕೊಂದು ಪರೀಕ್ಷೆ. ಪರೀಕ್ಷೆಯ ದಿನವೇ ವರನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು. "ಅವ್ರು ಬಂದ್ರ ಪರೀಕ್ಷಿ ಬಿಡಬೇಕು" ಅಂತ ಅಪ್ಪ ಹೇಳಿಬಿಟ್ಟಿದ್ದ. ಹುಡುಗಿ ಮಾತ್ರ ದಿನಾ ಅಮೀರ್‌ಪೇಟ್‌ನ ಕೋಚಿಂಗ್ ಕ್ಲಾಸಿಗೆ ಹೋಗಿ, ಯಾರೂ ಆಡದ ಇಂಗ್ಲಿಷ್ ಶಬ್ದಗಳನ್ನು ಬಾಯಿಪಾಠ ಮಾಡುತ್ತಿದ್ದಳು.

ಒಂದು ದಿನ ಸಂಡಿಗೆ ಒಣಹಾಕಲು ಮಾಳಿಗೆ ಹತ್ತಿದೆ. ಹುಡುಗಿ ಬಟ್ಟೆ ಹಗ್ಗಕ್ಕೆ ಸಾಲಾಗಿ ಚೀಟಿ ಸಿಕ್ಕಿಸಿದ್ದಳು. ಒಂದು ಬದಿ ಇಂಗ್ಲಿಷು, ಅದು ನನಗೆ ಬಾರದು. ಇನ್ನೊಂದು ಬದಿ ಕನ್ನಡ: ಹಾಲಿನವ, ಇಸ್ತ್ರಿಯವ, ಕಿರಾಣಿಯವ, ಮನೆ ಮಾಲೀಕ. ಸಂಡಿಗೆ ಅಲ್ಲೇ ಬಿಟ್ಟು ಹುಡುಗಿಯ ತಾಯಿಯ ಹತ್ತಿರ ಓಡಿದೆ.

"ನಿನ್ನ ಮಗಳು ನಾಕು ಮಂದಿ ಗಂಡಸರ ಲಿಸ್ಟ್ ಮಾಡ್ಯಾಳ ನೋಡವ್ವಾ."

ಹುಡುಗಿ ನಕ್ಕಳು. "ಒಂದೊಂದು ಶಬ್ದಕ್ಕ ಗೊತ್ತಿದ್ದೋರ ಮಾರಿ ಅಂಟಿಸ್ಕೊಂಡ್ರ ಮರೆಯೂದಿಲ್ಲ ಅಂತ ಕೋಚಿಂಗ್ ಸರ್ ಹೇಳ್ಯಾರ್ರಿ ಅಜ್ಜಿ. ಐದನೇದು ಓದಲಿಲ್ಲೇನು?"

ಆಕೆಯ ಜೊತೆ ಮತ್ತೆ ಮಾಳಿಗೆ ಹತ್ತಿ ಓದಿದೆ. ಕೆಳಗಿನ ಮನೆ ಅಜ್ಜ. ಅಂದರೆ ನನ್ನ ಗಂಡ.

"ಇವರಿಗೆ ಯಾವ ಶಬ್ದ?"

"ಮಾತೇ ಆಡದವರು ಅಂತ."

ಈಕೆ ಪಾಸಾಗುತ್ತಾಳೆ ಅಂತ ನನಗೆ ಅಲ್ಲೇ ಖಾತ್ರಿಯಾಯಿತು.

ಮಾಲೀಕರ ಚೀಟಿ

ಮಾಲೀಕರು ನೀರಿನ ಮೋಟಾರು ಹತ್ತೇ ನಿಮಿಷ ಹಾಕುವ ಮನುಷ್ಯ. ಚೀಟಿಯ ಸುದ್ದಿ ಅವರ ಕಿವಿಗೆ ಬಿತ್ತು. ಯಾರು ಹಾಕಿದರೋ ನನಗೇನು ಗೊತ್ತು. ಸೀದಾ ಮಾಳಿಗೆಗೆ ಬಂದು ಚೀಟಿ ಕಿತ್ತು, "ಪಾರ್ಸಿಮೋನಿಯಸ್ ಅಂಟೇ ಏಂಟಮ್ಮಾ?" ಅಂತ ತೆಲುಗಿನಲ್ಲಿ ಅರ್ಥ ಕೇಳಿದರು.

ಅದರ ಅರ್ಥ ಜಿಪುಣ; ಹಾಗಂದರೆ ಮನೆ ಖಾಲಿ ಮಾಡಬೇಕಾಗುತ್ತದೆ. ಹುಡುಗಿ ಅರ್ಥ ಬಿಟ್ಟು ಮೂಲ ಹೇಳಿದಳು. "ಲ್ಯಾಟಿನ್ ಭಾಷೆಯಿಂದ ಬಂದದ್ದು ಅಂಕಲ್. ಉಳಿಸೋದು, ವ್ಯರ್ಥ ಮಾಡದೇ ಇರೋದು ಅಂತ."

ಅವರು ಚೀಟಿಯನ್ನು ಬಾಗಿಲ ಮೇಲೆ, ತಮ್ಮ ಹೆಸರಿನ ಕೆಳಗೆ ಅಂಟಿಸಿದರು. ಮರುದಿನದಿಂದ ಮೋಟಾರು ಎಂಟು ನಿಮಿಷಕ್ಕೆ ಇಳಿಯಿತು.

ನನ್ನ ಚೀಟಿ

ಮುಂದಿನ ವಾರದ ಸಾಲಿನಲ್ಲಿ ನಾನೂ ನೇತಾಡುತ್ತಿದ್ದೆ. ಶಬ್ದ, ಕ್ವಿಡ್‌ನಂಕ್.

"ಬೈಬ್ಯಾಡ್ರಿ ಅಜ್ಜಿ. ಊರ ಸುದ್ದಿ ಎಲ್ಲಾ ತಮಗ ಮೊದಲು ಗೊತ್ತಾಗಬೇಕು ಅನ್ನೋರಿಗೆ ಹಂಗಂತಾರ. ಲ್ಯಾಟಿನ್‌ನಾಗ ಕ್ವಿಡ್ ನಂಕ್ ಅಂದ್ರ ‘ಈಗೇನು?’ ಅಂತ. ಹಂಗ ಕೇಳ್ಕೋತ ಅಡ್ಡಾಡೋರಿಗೆ ಇಂಗ್ಲಿಷಿನವ್ರು ಆ ಪ್ರಶ್ನಿನ ಹೆಸರು ಮಾಡಿ ಇಟ್ರು."

ದಿನಾ ಬೆಳಿಗ್ಗೆ ಗೇಟಿನಲ್ಲಿ ಹಾಲಿನವನಿಗೆ ನಾನು ಕೇಳುವುದೂ ಅದೇ ಮಾತು. ಸಮುದ್ರದಾಚೆ ಯಾವ ಕಾಲದಲ್ಲೋ ನನ್ನಂಥವರು ಇದ್ದರು. ಅವರಿಗೆ ಅಂತಲೇ ಒಂದು ಶಬ್ದ ಮಾಡಿದರು, ಪುಸ್ತಕದಲ್ಲಿ ಬರೆದರು, ಈಗ ಪರೀಕ್ಷೆಗೂ ಇಟ್ಟಿದ್ದಾರೆ. ಮೂರನೇ ಕ್ಲಾಸು ಓದಿದ ನನಗೆ ಮೈ ಜುಂ ಅಂದಿತು.

ಗಂಡನಿಗೆ ಹೇಳಿದೆ. ಅವರು ಆ ತಿಂಗಳ ಮೊದಲ ಮಾತು ಆಡಿದರು. "ನಿನ್ನಂಥಾಕಿನ್ನ ಹೇಳಾಕ ಅವರಿಗೆ ಒಂದೇ ಶಬ್ದ ಸಾಕಾತೇನು?"

ವರನ ಅತ್ತೆ

ಹೆಣ್ಣು ನೋಡುವ ಮೊದಲು ನೆರೆಯವರಲ್ಲಿ ಗುಟ್ಟಾಗಿ ವಿಚಾರಿಸುವುದು ನಮ್ಮ ಕಡೆ ಪದ್ಧತಿ. ಪರೀಕ್ಷೆಗೆ ಎರಡು ದಿನ ಇದ್ದಾಗ ವರನ ಸೋದರತ್ತೆ ನನ್ನ ಮನೆಗೇ ಬಂದಳು.

"ನೀವು ಎಲ್ಲಾ ಬಿಚ್ಚಿ ಹೇಳ್ತೀರಂತ ಓಣ್ಯಾಗ ಅಂದ್ರು. ಹುಡುಗಿ ಹ್ಯಾಂಗದಾಳ್ರಿ?"

ಚಲೋ ಅಂದರೆ ಅವರು ಬರುತ್ತಾರೆ, ಪರೀಕ್ಷೆ ಹೋಗುತ್ತದೆ. ಕೆಟ್ಟದ್ದು ಅಂದರೆ ಹುಡುಗಿಯ ಹೆಸರು ಹೋಗುತ್ತದೆ. ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿದೆ.

"ಗುಣ ಹ್ಯಾಂಗ್ರಿ?" ಸುಮ್ಮನಿದ್ದೆ. "ಅಡಿಗಿ?" ಚಹಾ ಕುಡಿದೆ. "ಯಾರ ಜೊತಿಯಾದ್ರೂ ಓಡಾಟ ಐತೇನ್ರಿ?" ಗೋಡೆ ನೋಡಿದೆ.

ಆಕೆ ಅರ್ಧ ಚಹಾ ಬಿಟ್ಟು ಎದ್ದಳು. ಹುಡುಗನಿಗೆ ರಜೆ ಸಿಗಲಿಲ್ಲ ಅಂತ ಸಂಜೆ ಫೋನು ಬಂತು. ಹುಡುಗಿ ಪರೀಕ್ಷೆ ಬರೆದಳು, ಚಲೋ ಅಂಕಗಳೂ ಬಂದವು. ಮುಂದೆ ಯಾವುದೋ ಮದುವೆಯಲ್ಲಿ ಸಿಕ್ಕ ಆ ಅತ್ತೆಯನ್ನು, ಯಾಕೆ ಬರಲಿಲ್ಲ ಅಂತ ಹುಡುಗಿಯ ತಾಯಿ ಕೇಳಿದಳಂತೆ.

"ಆ ಮುದುಕಿ ಬಾಯಾಗ ಸೈತ ಬರಲಾರದಂಥ ಸಂಗತಿ ಅಂದಮ್ಯಾಲ, ನಾವು ಹ್ಯಾಂಗ ಬರೂಣ್ರಿ?"