ರ್‍ಯಾಮ್ ಮೂಸಿ ನೋಡಿದ ನನ್ನ ಮಾವ

ನನ್ನ ಸೋದರಮಾವ ಈ ಜಗತ್ತಿನಲ್ಲಿ ಪೂರ್ತಿಯಾಗಿ ನಂಬಿರುವುದು ಒಂದನ್ನೇ: ತಮ್ಮ ಮೂಗನ್ನು! ಪಿರಿಯಾಪಟ್ಟಣದ ಸೀಮೆಯಲ್ಲಿ ಮೂವತ್ತು ವರ್ಷ ಹೊಗೆಸೊಪ್ಪು ಬೆಳೆದು ಹರಾಜಿಗೆ ಹಾಕಿದವರು. ಸೊಪ್ಪಿನ ಹೊರೆಯ, ಅಂದರೆ ಬೇಲ್‌ನ, ಮೇಲಿನ ಚೀಟಿಯಲ್ಲಿ ಏನೇ ಬರೆದಿರಲಿ, ಒಳಗೆ ಕೈ ತೂರಿಸಿ, ನಡುವಿನ ಎಲೆ ಎಳೆದು, ಮಡಚಿ, ಮೂಸಿದರೇ ಅವರಿಗೆ ಸಮಾಧಾನ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೇಕೆ ಬರೆಯುತ್ತಿದ್ದೆ? ನನ್ನ ಲಗ್ನಪತ್ರಿಕೆಯನ್ನೂ ಮೂಸಿ, "ಕಾಗ್ದ ವಸಿ ತ್ಯಾವ ಅದೆ ಕಣ್ಲಾ, ತಿರ್ಗಾ ಅಚ್ಚಾಕ್ಸು" ಎಂದ ಮಹಾನುಭಾವರು!

ಇನ್ನೊಂದು ಗುಣವೂ ಇದೆ. ಯಾರ ಮಾತನ್ನೂ ಅವರು ಮುಗಿಯಗೊಡುವುದಿಲ್ಲ. ನಾನು "ಮಾವ, ನಾಳೆ..." ಎನ್ನುವಷ್ಟರಲ್ಲಿ "ಉಣಸೂರ್‍ಗೆ ಓಯ್ತೀಯ, ಓಗು" ಎಂದು ಮುಗಿಸಿರುತ್ತಾರೆ. ನನ್ನ ಹಲ್ಲುನೋವಿನ ಕಥೆ ನನ್ನ ಬಾಯಲ್ಲೇ ಉಳಿಯುತ್ತದೆ.

ಹೋದ ವರ್ಷ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಲಕ್ವ ಹೊಡೆದು ಮಾತು ನಿಂತುಹೋಯಿತು. ಈಗ ಮೈಸೂರಿನ ಮೇಡಂ ಒಬ್ಬರು ವಾರಕ್ಕೆರಡು ಸಲ ವಿಡಿಯೊದಲ್ಲಿ ಚಿತ್ರ ತೋರಿಸಿ ಮಾತು ಕಲಿಸುತ್ತಾರೆ. ಅದಕ್ಕೆಂದೇ ನನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದೆ. ಆ ಹಾಳಾದ್ದು ಪಾಠದ ನಡುವೆಯೇ ಹ್ಯಾಂಗ್ ಆಗುತ್ತಿತ್ತು. ಅತ್ತೆ ಪಾಡುಪಟ್ಟು ಬಾಯಿ ತೆರೆಯುವ ಹೊತ್ತಿಗೆ ಮೇಡಂ ಕಲ್ಲಾಗಿ ಕೂತಿರುತ್ತಿದ್ದರು. ಬೇಸತ್ತ ಅತ್ತೆ ಕಡೆಯ ಎರಡು ಪಾಠಕ್ಕೆ ಬಂದು ಕೂರಲೇ ಇಲ್ಲ. "ಇನ್ನೊಂದು ರ್‍ಯಾಮ್ ಹಾಕಿಸೋಣ ಮಾವ" ಎಂದೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಹುಣಸೂರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುವ ಹೆಣ್ಣುಮಗಳು ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಕೈಗಿತ್ತಳು. ಮಾವ ಪ್ಯಾಕೆಟ್ ಹರಿದವರೇ ಅದನ್ನು ಮಡಚಲು ಹೋದರು! ನಾನು ಕಿರುಚಿದೆ. ಮಡಚುವುದು ಬಿಟ್ಟು ಮೂಗಿಗೆ ಹಿಡಿದರು.

"ವಾಸ್ನೇನೆ ಇಲ್ವಲ್ಲ. ಇದ್ಯಾವ ಸೀಮೆ ಮಾಲವ್ವ?"

"ಅದು ಮೂಸೋದಲ್ಲ ಯಜಮಾನ್ರೇ. ಚೀಟಿ ಓದ್ಬೇಕು."

ಚೀಟಿಯಲ್ಲಿ ಒಂದು ಕಡೆ 3200, ಇನ್ನೊಂದು ಕಡೆ 25600. ಮಾವನ ಹುಬ್ಬು ಮೇಲೇರಿತು.

"ಒಂದೇ ಬೇಲ್‌ಗೆ ಎಲ್ಡು ಲೆಕ್ಕ! ಯಾವ್ದು ದಿಟ?"

"ಎರಡೂ ದಿಟ. ಮೊದಲ್ನೇದು ಮಾಹಿತೀನ ಎಷ್ಟು ಸಲ ಹೊರುತ್ತೆ ಅಂತ. ಸಲಕ್ಕೆ ಎಂಟೆಂಟರಂತೆ ಹೊತ್ರೆ..."

"ಒಟ್ಟು ಒರೆ ಇನ್ನೊಂದ್ರಲ್ಲಿ ಅದೆ, ಗೊತ್ತಾಯ್ತು ಬುಡು" ಎಂದು ಮಾವ ಅವಳ ಮಾತನ್ನೂ ಮುಗಿಸಿದರು.

ಅವಳು ಪಟ್ಟಿ ಕೂರಿಸಿ, ಪರದೆಯ ಮೇಲೆ ಪರೀಕ್ಷೆ ಮಾಡುವ ಕಿಟಕಿ ತೆರೆದಳು. ಅಲ್ಲಿ ಕಂಡದ್ದು 1200! ಮಾವ ಎದ್ದೇ ನಿಂತರು.

"ಸಿಕ್ಕಾಕ್ಕಂಡ್ಯಲ್ಲವ್ವ! ಮ್ಯಾಲೆ ಮೂರ್‌ಸಾವ್ರದಿನ್ನೂರು, ಒಳ್ಗೆ ಸಾವ್ರದಿನ್ನೂರು! ನೋ ಬಿಡ್!"

ಹರಾಜಿನಲ್ಲಿ ಯಾರೂ ಕೊಳ್ಳದ ಬೇಲ್‌ಗೆ ಹಾಗೆನ್ನುತ್ತಾರೆ. ಪ್ರಿಂಟರಿಗೆ ಇಂಕು ಕೇಳಲು ಬಂದಿದ್ದವರು ಬಾಗಿಲಿಂದಲೇ ವಾಪಸ್ಸಾದರು. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಆ ತಾಯಿಯ ತಾಳ್ಮೆಗೆ ಕೈಮುಗಿಯಬೇಕು. "ಇದು ಒಳಗಿನ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಹೊರುತ್ತೆ. ಚೀಟೀಲಿ ಹೊತ್ತ ಲೆಕ್ಕ, ಇಲ್ಲಿ ಬರೀ ಬಡಿತದ ಲೆಕ್ಕ" ಎಂದಳು.

ಮಾವ ತೊಡೆ ತಟ್ಟಿದರು. "ಓ, ಕಡ್ಡಿ ಲೆಕ್ಕ ಅನ್ನು!" ಎಲೆ ಒಣಗಿಸಿ ಹದಮಾಡುವ ಬ್ಯಾರನ್ನಿಗೆ ಏರಿಸುವ ಮೊದಲು ಹೊಗೆಸೊಪ್ಪನ್ನು ಕಡ್ಡಿಯ ಎರಡೂ ಬದಿಗೆ ಕಟ್ಟುತ್ತಾರೆ. "ಕಡ್ಡಿ ಎಣ್ಸುದ್ರೆ ಸಾವ್ರದಿನ್ನೂರು. ಎಲ್ಡೂ ಕಡೆ ಸೊಪ್ಪು ಎಣ್ಸುದ್ರೆ ಎಲ್ಡ್‌ಸಾವ್ರದ್ನಾನೂರು!" ಮೂರು ದಿನ ಮೊಬೈಲಿನಲ್ಲಿ ಓದಿಯೂ ನನ್ನ ತಲೆಗೆ ಹತ್ತದ್ದು ಇವರಿಗೆ ಹೊಳೆದುಬಿಡುವುದೇ? ಹೊಟ್ಟೆ ಉರಿಯಿತು.

"ಆದ್ರೂ ಚೀಟೀಲಿರೋದು ಬರ್ನಿಲ್ವಲ್ಲ?"

"ಒಳಗಿರೋ ಹಳೇದು ಎರಡು ಸಾವಿರದ ನಾನೂರರದ್ದು. ಜೊತೆಗೆ ಹಾಕಿದ್ರೆ ಹೊಸದೂ ಅದರ ವೇಗಕ್ಕೇ ಇಳಿಯುತ್ತೆ."

"ಅಂಗಾರೆ ಆ ಸೋಮಾರಿನ ಕಿತ್ತೆಸಿ!"

"ಬೇಡಿ. ಎರಡೂ ಇದ್ರೇನೇ ಜಾಗ ಸಾಲೋದು, ಹ್ಯಾಂಗ್ ಆಗದೆ ನಡೆಯೋದು. ವೇಗದ್ದು ಸ್ವಲ್ಪ ನಿಧಾನಕ್ಕೆ ಹೋದ್ರೆ ನಷ್ಟ ಏನಿಲ್ಲ."

ಪಿರಿಯಾಪಟ್ಟಣ ಮುಟ್ಟುವವರೆಗೂ ಬಸ್ಸಿನಲ್ಲಿ ಮಾವನ ಗೊಣಗಾಟ ನಿಲ್ಲಲಿಲ್ಲ. ಒಳ್ಳೇ ಎತ್ತನ್ನು ಮುದಿ ಎತ್ತಿನ ಜೊತೆ ಹೂಡಿದ ಪಾಪ ನನಗೇ ಸುತ್ತಿಕೊಳ್ಳುತ್ತದಂತೆ!

ಮರುದಿನ ಬೆಳಿಗ್ಗೆ ಪಾಠ. ಮಾವ ಅದು ಹೇಗೋ ಗೋಗರೆದು ಅತ್ತೆಯನ್ನು ತಂದು ಕೂರಿಸಿದ್ದರು. ಮೇಡಂ ಹಸುವಿನ ಚಿತ್ರ ತೋರಿಸಿ "ಇದೇನಮ್ಮ?" ಎಂದರು. ಅತ್ತೆ ಬಾಯಿ ತೆರೆದರು. ಸದ್ದಿಲ್ಲ. ಮೇಡಂ ಕೂಡ ಅಲ್ಲಾಡದೆ ಕೂತಿದ್ದರು. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಮಾವ ಈಗ "ಅಸು" ಎಂದು ಮುಗಿಸಿಬಿಡುತ್ತಾರೆ ಎಂದುಕೊಂಡು ನೋಡಿದೆ. ಅವರು ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತೆಯ ತುಟಿಯನ್ನೇ ನೋಡುತ್ತಿದ್ದರು.

"ಮಾವ, ಮತ್ತೆ ನಿಂತೋಯ್ತಾ?" ಎಂದು ಲ್ಯಾಪ್‌ಟಾಪಿಗೆ ಕೈ ಹಾಕಹೋದೆ.

ಮಾವ ನನ್ನ ಕೈ ಹಿಡಿದುಕೊಂಡರು.

"ನಿಂತಿಲ್ಲ ಕಣ್ಲಾ," ಎಂದು ಪಿಸುಗುಟ್ಟಿದರು, "ಬತ್ತಾವ್ಳೆ. ತಡಿ."